ಅಕ್ಷರದ ಅಳತೆ

ಮಾರ್ಚ್ ೧೪, ಗುರುವಾರ, ಮಧ್ಯಾಹ್ನ.
ಬಾಡಿಗೆ ಕೋಣೆ. ಅರ್ಧ ದಿನ ರಜೆ ಹಾಕಿ ಬಂದಿದ್ದೇನೆ. ಕೆಳಗಿನ ಅಂಗಡಿಯಲ್ಲಿ ಬೀಗದ ಕೈ ಉಜ್ಜುವ ಯಂತ್ರ ಓಡುತ್ತಿದೆ.

ಮನೆಯಲ್ಲಿರುವವನಿಗೆ,

ಆಫೀಸಿನಲ್ಲಿ ನಿನ್ನನ್ನು ನೀವು ಎನ್ನುತ್ತೇನೆ, ಮನೆಯಲ್ಲಿ ನೀನು ಎನ್ನುತ್ತಿದ್ದೆ. ಡಿಸೆಂಬರಿನಿಂದ ಎರಡಕ್ಕೂ ಹೆಚ್ಚು ಕೆಲಸ ಬಿದ್ದಿಲ್ಲ. ಇಲ್ಲಿ ನೀನು ಎಂದೇ ಬರೆಯುತ್ತೇನೆ, ಬೇಜಾರಾದರೆ ಆಗಲಿ. ಮೇಲ್ ಮಾಡಬಹುದಿತ್ತು, ಆದರೆ ಅದು ಆಫೀಸಿನ ಮೇಲ್. ಮೆಸೇಜ್ ಹಾಕಿದರೆ ನೀನು ಹೆಬ್ಬೆರಳೆತ್ತಿದ ಚಿತ್ರ ಕಳಿಸಿ ಮಾತು ಮುಗಿಸುತ್ತೀಯ. ಫೋನ್ ಮಾಡಿದರೆ ಇಬ್ಬರೂ "ಹೂಂ, ಮತ್ತೆ?" ಅಂದುಕೊಂಡು ಇಡುತ್ತೇವೆ. ಆದ್ದರಿಂದ ಕಾಗದ.

ಬಂದಾಗಿನಿಂದ ಕೂರುವುದು ಏಳುವುದೇ ಆಗಿದೆ. ಕಿಟಕಿ ತೆರೆದರೆ ಯಂತ್ರದ ಕಿರಿಚಾಟ, ಮುಚ್ಚಿದರೆ ಸೆಕೆ. ಎದುರು ಮನೆಯ ಮಹಡಿಯಲ್ಲಿ ಯಾರೋ ಒಂದು ಹೊದಿಕೆಯನ್ನು ಒಣಹಾಕಿ, ತೆಗೆದು, ಮತ್ತೆ ಒಣಹಾಕುತ್ತಿದ್ದಾರೆ. ಅವರಿಗೂ ನನ್ನ ಹಾಗೇ ಏನೋ ಆಗಿರಬೇಕು.

ವಿಷಯ ನಮ್ಮ ಪೆಟ್ಟಿಗೆಯದು.

ಮಂಗಳವಾರ ಉಗ್ರಾಣಿ ಫೋನ್ ಮಾಡಿದ್ದ. ಸರ್ವರ್ ನೋಡಿಕೊಳ್ಳುವವನಿಗೆ ಆ ಹೆಸರಿಟ್ಟವನು ನೀನೇ. ಈಗ ಅವನೂ ಫೋನೆತ್ತಿದರೆ "ಉಗ್ರಾಣಿ ಮಾತಾಡ್ತಿರೋದು" ಎನ್ನುತ್ತಾನೆ. ಮೇಲಿನವರ ಆದೇಶವಂತೆ, ಬರುವ ಸೋಮವಾರ ಎಲ್ಲರ ಪೆಟ್ಟಿಗೆಗಳನ್ನೂ ತೆಗೆದು ನೋಡಿ, ಒಬ್ಬರಿಗೆ ಒಂದರಂತೆ ವಿಂಗಡಿಸುತ್ತಾನಂತೆ. "ಮೇಡಂ, ಒಂದೇ ಡಬ್ಬಿಗೆ ಗಂಡ ಹೆಂಡ್ತಿ ಇಬ್ರೂ ಕೈ ಹಾಕಿದ್ರೆ ಡಬ್ಬಿ ಗತಿ ಏನಾಗ್ಬೇಕು? ಇದ್ರಲ್ಲಿ ಯಾವ್ದು ನಿಮ್ದು, ಯಾವ್ದು ಸಾರ್‌ದು, ಗುರುತು ಹಾಕ್ಕೊಡಿ. ಇಲ್ದಿದ್ರೆ ಎಲ್ಲಾ ಗುಡಿಸಿ ಇಬ್ರಿಗೂ ಹೊಸ ಡಬ್ಬಿ ಕೊಡ್ತೀನಿ, ಆಮೇಲೆ ನನ್ನ ಬೈಬೇಡಿ" ಎಂದ. ಪೆಟ್ಟಿಗೆ ನನ್ನ ಹೆಸರಿನಲ್ಲಿರುವುದರಿಂದ ಕೇಳಿದ್ದು ನನ್ನನ್ನು.

ಪೆಟ್ಟಿಗೆ ಎಂದರೇನು ಎಂದು ನಿನ್ನ ತಂಗಿ ಒಮ್ಮೆ ವಿಚಾರಿಸಿದ್ದಳು. ಇಸ್ತ್ರಿ ಮಾಡಿಕೊಳ್ಳಲು ಕೆಳಗಿನ ಮನೆಯಿಂದ ಬಂದವಳು ನಮ್ಮಿಬ್ಬರ ಮಾತು ಕೇಳಿ ಬೇಸತ್ತಿದ್ದಳು. ನೀನು ಸಮಾಧಾನವಾಗಿ ಹೇಳಿದೆ: "ನಾವು ಪ್ರೋಗ್ರಾಂ ಬರೆಯೋ ಜಾಗಕ್ಕೆ ಕಂಟೇನರ್ ಅಂತಾರೆ ಕಣೇ. ಲಾಡ್ಜ್ ರೂಮಿನ ಥರ. ದಿನಾ ಬೆಳಿಗ್ಗೆ ಹಳೇದನ್ನ ಕೆಡವಿ ಹೊಸದು ಕೊಡ್ತಾರೆ. ನಿನ್ನೆ ನೀನು ಚಪ್ಪಲಿ ಎಲ್ಲಿ ಬಿಟ್ಟಿದ್ದೆ, ಕುರ್ಚಿ ಎಲ್ಲಿಗೆ ಎಳ್ಕೊಂಡಿದ್ದೆ, ಯಾವ್ದೂ ಅದಕ್ಕೆ ನೆನಪಿರಲ್ಲ. ಅದಕ್ಕೇ ನಮ್ಮ ಸಾಮಾನೆಲ್ಲಾ, ಬಣ್ಣ, ಅಕ್ಷರದ ಗಾತ್ರ, ಬೆರಳಿನ ಅಭ್ಯಾಸ, ಹೊರಗೆ ಒಂದು ಪೆಟ್ಟಿಗೇಲಿಟ್ಟಿರ್ತೀವಿ. ಹೊಸ ರೂಮ್ ಸಿಕ್ಕಿದ ತಕ್ಷಣ ಪೆಟ್ಟಿಗೆ ಒಳಗೆ ತಂದ್ರೆ ಆಯ್ತು, ನಿನ್ನೆ ಬಿಟ್ಟಲ್ಲಿಂದ ಕೆಲಸ." ಅವಳು ಕಾಲರ್ ಒತ್ತುತ್ತಾ, "ದಿನಾ ಪೆಟ್ಟಿಗೆ ಹೊರೋ ಬದ್ಲು ಒಂದು ನೆಟ್ಟಗಿರೋ ಮನೆ ಮಾಡ್ಕೊಳ್ಳೋಕೆ ನಿಮ್ಗೇನ್ ರೋಗ?" ಎಂದಳು. ಅದಕ್ಕೆ ನಮ್ಮ ವೃತ್ತಿಯಲ್ಲಿ ಸರಿಯಾದ ಉತ್ತರವಿದೆ. ನೀನು ಶುರುಮಾಡುವಷ್ಟರಲ್ಲಿ ಅವಳು ಬಟ್ಟೆ ಹೊತ್ತು ಕೆಳಗಿಳಿದಿದ್ದಳು.

ಇಬ್ಬರಿಗೆ ಒಂದೇ ಪೆಟ್ಟಿಗೆ ಮಾಡಿದ್ದು ಪ್ರೀತಿಯಿಂದಲ್ಲ. ನಾವು ಸೇರಿದಾಗ ಸರ್ವರಿನಲ್ಲಿ ಜಾಗ ಕಡಿಮೆಯಿತ್ತು. ಬಣ್ಣಗಳು ನಿನ್ನವು, ಶಾರ್ಟ್‌ಕಟ್‌ಗಳು ನನ್ನವು. ಪಕ್ಕಪಕ್ಕದ ಮೇಜಿನಲ್ಲಿದ್ದಷ್ಟು ದಿನ ಜಗಳವಾದದ್ದು ಒಂದಕ್ಕೇ, ಪ್ರೋಗ್ರಾಂ ಬರೆಯುವಾಗ ಒಳಗಿನ ಸಾಲಿನ ಮುಂದೆ ಎಷ್ಟು ಖಾಲಿ ಬಿಡಬೇಕು ಎನ್ನುವುದಕ್ಕೆ. ನನಗೆ ಎರಡು, ನಿನಗೆ ನಾಲ್ಕು. ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಮೂರು ಎಂದು ರಾಜಿಯಾಗಿ ಇಡೀ ತಂಡದ ಬೈಗುಳ ತಿಂದೆವು.

ಡಿಸೆಂಬರಿನಲ್ಲಿ ನಾನು ಬಟ್ಟೆ, ಪುಸ್ತಕ, ನನ್ನ ದಿಂಬು ತೆಗೆದುಕೊಂಡು ಹೊರಟೆ. ಊರಿನ ಈ ತುದಿಯ ಶಾಖೆಗೆ ವರ್ಗ ಕೇಳಿ ಪಡೆದೆ. ಪೆಟ್ಟಿಗೆಯ ನೆನಪೇ ಬರಲಿಲ್ಲ. ಅದು ಕಪಾಟಿನಲ್ಲಿ ಇರುವಂಥದ್ದಲ್ಲವಲ್ಲ. ಬೆಳಿಗ್ಗೆಯಾದರೆ ನೀನು ಅಲ್ಲಿ, ನಾನು ಇಲ್ಲಿ, ಅದೇ ಒಂದನ್ನು ಎಳೆದುಕೊಂಡು ಕೂರುತ್ತಿದ್ದೆವು.

ಜನವರಿಯಲ್ಲಿ ಅಕ್ಷರ ದೊಡ್ಡದಾಯಿತು.

ನನ್ನದು ಯಾವತ್ತೂ ಹದಿಮೂರು. ಒಂದು ಬೆಳಿಗ್ಗೆ ಪ್ರೋಗ್ರಾಂ ಬರೆಯುವ ಎಡಿಟರ್ ತೆರೆದರೆ ಹದಿನಾರಾಗಿತ್ತು. ಕೈತಪ್ಪಿ ಆಗಿರಬೇಕೆಂದು ಇಳಿಸಿದೆ. ಮರುದಿನ ಮತ್ತೆ ಹದಿನಾರು. ಇಳಿಸಿದೆ. ಫೆಬ್ರವರಿಗೆ ಇಪ್ಪತ್ತಾಯಿತು. ಒಂದು ದಿನವಂತೂ ನಾನು ನೋಡುತ್ತಿದ್ದ ಹಾಗೇ ಪರದೆಯ ಮೇಲಿನ ಸಾಲುಗಳು ಉಬ್ಬಿದವು. ನಾನು ಇಳಿಸಿದೆ, ಉಬ್ಬಿದವು, ಇಳಿಸಿದೆ. ಪಕ್ಕದ ಮೇಜಿನ ಹುಡುಗಿ ಕತ್ತು ಚಾಚಿ, "ಅಕ್ಕಾ, ನಿಮ್ ಸ್ಕ್ರೀನು ಉಸಿರಾಡ್ತಿದೆ" ಎಂದಳು. "ಉಸಿರಾಡ್ತಿಲ್ಲಮ್ಮ, ಜಗಳ ಆಡ್ತಿದೆ" ಎಂದೆ. ಅವಳು ನಕ್ಕಳು. ನನಗೂ ಒಳಗೊಳಗೇ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮದು ಊಟ ಬೇರೆ, ಹಾಸಿಗೆ ಬೇರೆ ಆದ ಮೇಲೂ ಬೆಳಿಗ್ಗೆ ಸರಿಯಾದ ಸಮಯಕ್ಕೆ ಲಾಗಿನ್ ಆಗುತ್ತಿತ್ತು.

ನೀನು ಕುಟುಕುತ್ತಿದ್ದೀಯ ಎಂದೇ ಅಂದುಕೊಂಡಿದ್ದೆ. ದೊಡ್ಡದು ಬೇಕಿದ್ದರೆ ಎಡಿಟರ್ ತೆರೆದುಕೊಳ್ಳುವ ನಿನ್ನ ಬ್ರೌಸರನ್ನಷ್ಟೇ ಹಿಗ್ಗಿಸಿಕೊಳ್ಳಬಹುದಿತ್ತು, ನನಗೆ ತಿಳಿಯುತ್ತಲೂ ಇರಲಿಲ್ಲ. ಬೇಕೆಂದೇ ಪೆಟ್ಟಿಗೆಯೊಳಗೆ ಕೈಯಾಡಿಸುತ್ತಾನೆ, ಬಾಯಿ ಬಿಟ್ಟು ಒಂದು ಮಾತಾಡುವುದಿಲ್ಲ, ಹೀಗೆ ಮಾಡುತ್ತಾನೆ ಎಂದು ಹಲ್ಲು ಕಡಿದೆ. ಆಮೇಲೆ ಬಣ್ಣಗಳು ಬದಲಾದವು. ನಿನ್ನ ಆ ಮಂಕು ನೀಲಿ, ಮಂಕು ಹಸಿರು ಎಲ್ಲ ಹೋಗಿ ಕಪ್ಪಿನ ಮೇಲೆ ಕಣ್ಣು ಕುಕ್ಕುವ ಹಳದಿ ಬಂತು. ಕರ್ಸರ್ ಇಟ್ಟಿಗೆಯಷ್ಟು ದಪ್ಪವಾಯಿತು. ಉಗ್ರಾಣಿ ಅದನ್ನು ನೋಡಿ, "ಸಾರ್ ಸ್ಕ್ರೀನು ಬಸ್ಸಿನ ಬೋರ್ಡ್ ಆಗಿದೆ ಮೇಡಂ, ದೂರದಿಂದ್ಲೇ ನಂಬರ್ ಓದ್ಬಹುದು" ಎಂದಿದ್ದ. ನಾನು ಅದಕ್ಕೂ ನಕ್ಕೆ.

ಈ ಸೋಮವಾರದ ಮೀಟಿಂಗಿನ ತನಕ ಹೀಗೇ ಇತ್ತು.

ಎರಡೂ ಶಾಖೆಯವರು ಸೇರಿದ್ದೆವು. ಔಷಧದ ಅಂಗಡಿಗಳ ಚೀಟಿಯ ಹೊಸ ನಮೂನೆಯನ್ನು ನೀನು ಎಡಿಟರಿನಲ್ಲೇ ತೆರೆದು ಪರದೆಯಲ್ಲಿ ತೋರಿಸುತ್ತಾ ಓದುತ್ತಿದ್ದೆ. ದಿನಕ್ಕೆ ಮೂರು ಮಾತ್ರೆ ಎಂದಿದ್ದದ್ದನ್ನು ಎಂಟು ಎಂದು ಓದಿದೆ. ಯಾರೋ "ಸಾರ್, ಮೂರು" ಎಂದರು. ನೀನು, "ಹೌದಲ್ವಾ, ರೋಗಿಗೆ ಸ್ವಲ್ಪ ಅವಸರ ಇತ್ತು ಅನ್ಸುತ್ತೆ" ಎಂದು ಎಲ್ಲರನ್ನೂ ನಗಿಸಿದೆ. ಎಲ್ಲರ ಜೊತೆ ನಾನೂ ನಗುತ್ತಿದ್ದೆ. ನಗುತ್ತಿರುವಾಗಲೇ ಹೊಳೆಯಿತು, ಮೀಟಿಂಗಿಗೆ ಕೂರುವ ಮುಂಚೆ ನಾನು ಅಕ್ಷರವನ್ನು ಹದಿಮೂರಕ್ಕೆ ಇಳಿಸಿ ಕೂತಿದ್ದೆ. ಅಷ್ಟು ಜನರ ಮುಂದೆ ಏರಿಸಿಕೊಳ್ಳಲು ನಿನಗೆ ಆಗಿರಲಿಲ್ಲ.

ಆಮೇಲೆ ಮೀಟಿಂಗಿನಲ್ಲಿ ಏನು ಮಾತಾಯಿತೋ ನನಗೆ ನೆನಪಿಲ್ಲ.

ಮಂಗಳವಾರ ಉಗ್ರಾಣಿಯ ಫೋನ್ ಇಟ್ಟ ಮೇಲೆ ನಿನ್ನ ತಂಗಿಗೆ ನಾನೇ ಮಾಡಿದೆ. ಸುಮ್ಮನೆ ಕುಶಲ ಕೇಳುವವಳಂತೆ ಕೇಳಿದೆ. ಅವಳು ಎಂದಿನಂತೆ ಒಂದೇ ಉಸಿರಿಗೆ ಹೇಳಿದಳು: "ಚೆನ್ನಾಗಿದಾನೆ ಅತ್ತಿಗೆ, ಆದ್ರೆ ಸ್ಕೂಟರ್ ಮುಟ್ಟೋದೇ ಬಿಟ್ಟಿದಾನೆ. ನಡ್ಕೊಂಡು ಹೋಗ್ತಾನೆ. ಕೇಳಿದ್ರೆ ಹೊಟ್ಟೆ ಕರಗಿಸ್ತಿದೀನಿ ಅಂತಾನೆ. ಹೊಟ್ಟೆ ಎಲ್ಲಿದೆ ಅವನಿಗೆ, ಕಡ್ಡಿ ಆಗಿದಾನೆ. ಕೊಡಗಟ್ಟಲೆ ನೀರು ಕುಡೀತಾನೆ. ನೀವು ಬನ್ನಿ ಒಂದ್ಸಲ, ಬೈದು ಹೋಗಿ, ನನ್ ಬೈಗುಳ ಹಳೇದಾಗಿದೆ." ನಾನು ಬೇರೆ ಮಾತೆತ್ತಿ ಫೋನಿಟ್ಟೆ.

ನಿನಗೆ ಕಣ್ಣು ಕಾಣುತ್ತಿಲ್ಲ. ಸರಿಯಾಗಿ ಹೇಳಬೇಕೆಂದರೆ, ಕಾಣುವುದು ಕಡಿಮೆಯಾಗುತ್ತಾ ಬರುತ್ತಿದೆ. ಇದನ್ನು ಇಷ್ಟು ಬಿಡಿಸಿ ಬರೆಯಲು ಈ ಮಧ್ಯಾಹ್ನವೆಲ್ಲ ಹಿಡಿಯಿತು.

ನಾನು ಮನೆ ಬಿಡಲು ಕಾರಣವಾದ ಡಿಸೆಂಬರಿನ ಆ ಸಂಜೆಯನ್ನು ಈಗ ಬೇರೆ ಥರ ನೋಡಬೇಕಾಗಿದೆ. ಬಸ್ ನಿಲ್ದಾಣದ ಎದುರು ಬದಿಯಿಂದ ನಾನು ಕೈ ಬೀಸಿದೆ. ನೀನು ನೇರವಾಗಿ ನನ್ನತ್ತಲೇ ನೋಡಿದೆ, ಗುರುತಿಲ್ಲದವನ ಹಾಗೆ ನಿನ್ನ ಪಾಡಿಗೆ ನೀನು ಬಸ್ ಹತ್ತಿ ಹೊರಟೆ. ಅದಕ್ಕೂ ಮುಂಚಿನ ಎಷ್ಟೋ ದಿನಗಳಿಂದ ನೀನು ಸಂಜೆ ಹೊರಗೆ ಬರಲು ಒಲ್ಲೆ ಎನ್ನುತ್ತಿದ್ದೆ, ಪುಸ್ತಕ ಮುಟ್ಟುತ್ತಿರಲಿಲ್ಲ, ಏನು ಕೇಳಿದರೂ ಸಿಡುಕುತ್ತಿದ್ದೆ. ನನ್ನ ಮುಖ ನೋಡಿ ಸಾಕಾಗಿದೆ ಎಂದು ನಾನು ಲೆಕ್ಕ ಹಾಕಿದ್ದೆ. ಆ ಸಂಜೆ ಮನೆಗೆ ಬಂದು ಕೇಳಿದ್ದಕ್ಕೆ ನೀನು "ಗಮನ ಇರ್ಲಿಲ್ಲ" ಎಂದು ಟೀವಿ ಹಚ್ಚಿದೆ. ನಾನು ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಿದೆ. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನನಗೆ ಸಿಟ್ಟು ಇನ್ನೂ ಇದೆ, ಹೋಗಿಲ್ಲ. ಕಾರಣ ಮಾತ್ರ ಬದಲಾಗಿದೆ.

ಯಾಕೆ ಹೇಳಲಿಲ್ಲ ಎನ್ನುವುದೂ ಗೊತ್ತು. ಅತ್ತೆ ಕೊನೆಯ ವರ್ಷಗಳಲ್ಲಿ ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗುತ್ತಿದ್ದರು. ಸಕ್ಕರೆ ಕಾಯಿಲೆ ಕಣ್ಣಿಗಿಳಿದಿದೆ ಎಂದು ಡಾಕ್ಟರಮ್ಮ ಹೇಳಿದಾಗ ನಾವಿಬ್ಬರೂ ಅವರ ಕುರ್ಚಿಯ ಹಿಂದೆ ನಿಂತಿದ್ದೆವು. "ಇಷ್ಟು ದಿನ ಏನ್ ಮಾಡ್ತಿದ್ರಿ? ಮುಂಚೆ ಬಂದಿದ್ರೆ ಇರೋದನ್ನಾದ್ರೂ ಉಳಿಸ್ಬಹುದಿತ್ತು" ಎಂದು ಆಕೆ ಗದರಿದ್ದು ನಮ್ಮನ್ನು. ನೀನೂ ರಕ್ತ ಪರೀಕ್ಷೆ ಮಾಡಿಸಿಕೋ ಎಂದೂ ಹೇಳಿದ್ದರು. ನೀನು ಹೊರಗೆ ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಪಟ್ಟಿಯನ್ನು ಬಿಚ್ಚುತ್ತಿದ್ದೆ, ಹಾಕುತ್ತಿದ್ದೆ. ಪರೀಕ್ಷೆ ಮಾಡಿಸಿದ್ದೀಯೋ ಇಲ್ಲವೋ ನನಗೆ ಗೊತ್ತಿಲ್ಲ. ಹೆಂಡತಿಗೆ ಗೊತ್ತಿರಬೇಕಾದ ವಿಷಯ.

ನಾನು ಡಾಕ್ಟರಲ್ಲ. ನಲವತ್ತರ ಆಸುಪಾಸಿನಲ್ಲಿ ಎಲ್ಲರಿಗೂ ಬರುವ ಬರೀ ಚಾಳೀಸು ಇರಬಹುದು. ಹಾಗಾದರೆ ಒಂದು ಕನ್ನಡಕದಲ್ಲಿ ಮುಗಿಯುತ್ತದೆ, ನನ್ನನ್ನು ಪೆದ್ದಿ ಎಂದು ಆಡಿಕೊಂಡು ನಗು. ಆದರೆ ಚಾಳೀಸಿನವರ ಅಕ್ಷರ ಎಲ್ಲೋ ಒಂದು ಅಳತೆಗೆ ಬಂದು ನಿಲ್ಲುತ್ತದೆ. ನಿನ್ನದು ನಿಂತಿಲ್ಲ. ಮಂಗಳವಾರದಿಂದ ನಾನು ಇಳಿಸುವುದನ್ನು ಬಿಟ್ಟಿದ್ದೇನೆ. ನಿನ್ನೆ ಇಪ್ಪತ್ತನಾಲ್ಕಿತ್ತು. ಇವತ್ತು ಬೆಳಿಗ್ಗೆ ಇಪ್ಪತ್ತೆಂಟು. ಅದನ್ನು ನೋಡಿದ ಮೇಲೆಯೇ ರಜೆ ಬರೆದು ಎದ್ದು ಬಂದದ್ದು.

ಬ್ರೌಸರ್ ಹಿಗ್ಗಿಸುವುದನ್ನೂ ನಿನ್ನೆ ಮಾಡಿ ನೋಡಿದೆ. ಪಟ್ಟಿಗಳು, ಗುಂಡಿಗಳು ಎಲ್ಲವೂ ಉಬ್ಬಿ, ಬರೆಯುವ ಜಾಗ ಅಂಗೈಯಷ್ಟಾಗುತ್ತದೆ. ನೀನು ಅದನ್ನು ಎಂದೋ ಮಾಡಿ ನೋಡಿ ಕೈಬಿಟ್ಟಿರುತ್ತೀಯ. ಅದಕ್ಕೇ ಪೆಟ್ಟಿಗೆ. ಅಥವಾ, ನಾನು ನೋಡಲಿ ಎಂದೇ ಪೆಟ್ಟಿಗೆ. ಕೇಳುವುದಿಲ್ಲ, ನಿನಗೂ ಸರಿಯಾಗಿ ಗೊತ್ತಿರಲಾರದು.

ಈ ಕಾಗದದ ಕಟ್ಟು ಇಷ್ಟು ದಪ್ಪ ಯಾಕೆ ಎಂದು ಇಷ್ಟೊತ್ತಿಗೆ ತಿಳಿದಿರಬೇಕು. ಅಂಗಡಿಯವನ ಹತ್ತಿರ ಬೀಗದ ಮೇಲೆ ನಂಬರ್ ಬರೆಯುವ ಕಪ್ಪು ಮಾರ್ಕರ್ ಕೇಳಿ ತಂದೆ. ಹಾಳೆಗೆ ನಾಲ್ಕಾರು ಸಾಲು ಹಿಡಿಯುತ್ತದೆ. "ಏನಮ್ಮಾ, ಬ್ಯಾನರ್ ಬರೀತೀರಾ?" ಎಂದ. ಕೆಳಗಿನ ಮನೆಗೆ ಹೋಗಿ ತಂಗಿಯ ಕೈಲಿ ಓದಿಸಿಕೊಳ್ಳುವ ಪ್ರಸಂಗ ಬರಬಾರದು ಅಂತ ಅಷ್ಟೇ. ಅವಳು ಓದಿದರೆ ಸಂಜೆಯೊಳಗೆ ಬೀದಿಗೆಲ್ಲ ಬಾಯಿಪಾಠ.

ಈಗ ಉಗ್ರಾಣಿಗೆ ಏನು ಹೇಳಬೇಕು ಎನ್ನುವುದು. ಕೂತಲ್ಲಿ ಕೂರಲು ಬಿಡದೆ ಇರುವುದು ಇ‌ದೇ. ಪೆಟ್ಟಿಗೆ ಬೇರೆಯಾದರೆ ನಿನಗೆ ಒಳ್ಳೆಯದು. ನಿನ್ನ ಅಕ್ಷರ ನೀನು ಬಿಟ್ಟಷ್ಟೇ ದೊಡ್ಡದಾಗಿ ಉಳಿಯುತ್ತದೆ, ಬೆಳಿಗ್ಗೆ ಬೆಳಿಗ್ಗೆ ಯಾರೂ ಕಿತ್ತುಕೊಳ್ಳುವುದಿಲ್ಲ. ಕೆಲಸಗಾರಳಾಗಿ ಕೇಳಿದರೆ ನಾನು ಅದನ್ನೇ ಹೇಳುತ್ತೇನೆ, ಒಬ್ಬರಿಗೆ ಒಂದು. ಮೊದಲಿಂದಲೂ ಹಾಗೇ ಇರಬೇಕಿತ್ತು. ಆದರೆ ಬೇರೆಯಾದ ಮೇಲೆ ಅದು ಇಪ್ಪತ್ತೆಂಟರಿಂದ ಮೂವತ್ತೆರಡು, ನಲವತ್ತು ಎಂದು ಏರುತ್ತಾ ಹೋದರೆ ನೋಡುವವರು ಒಬ್ಬರೂ ಇರುವುದಿಲ್ಲ. ನೀನು ನಗಿಸಿಕೊಂಡೇ ಇರುತ್ತೀಯ. ಪರದೆಯಲ್ಲಿ ಒಂದೇ ಒಂದು ಪದ ಹಿಡಿಸುವಷ್ಟಾದಾಗ ಡಾಕ್ಟರಮ್ಮನ ಮುಂದೆ ಹೋಗಿ ಕೂರುತ್ತೀಯ, ಆಕೆ ಅದೇ ಮಾತು ಹೇಳುತ್ತಾರೆ.

ಅದಕ್ಕೆ ಹೀಗೆ ಮಾಡುತ್ತೇನೆ. ಪೆಟ್ಟಿಗೆ ಸದ್ಯಕ್ಕೆ ಇದ್ದ ಹಾಗೇ ಇರಲಿ. ನಾನು ನಿನ್ನ ದೊಡ್ಡ ಅಕ್ಷರದಲ್ಲೇ ಕೆಲಸ ಮಾಡುತ್ತೇನೆ. ಪಕ್ಕದ ಹುಡುಗಿ ಆಗಲೇ "ಅಕ್ಕಾ, ಇಲ್ಲಿಂದ್ಲೇ ನಿಮ್ ತಪ್ಪೆಲ್ಲಾ ಕಾಣ್ತಿದೆ" ಎನ್ನುತ್ತಿದ್ದಾಳೆ, ಎನ್ನಲಿ. ಕಣ್ಣಿನ ಆಸ್ಪತ್ರೆಗೆ ಶನಿವಾರ ಬೆಳಿಗ್ಗೆಗೆ ನಿನ್ನ ಹೆಸರು ಬರೆಸುತ್ತೇನೆ. ಹೊರಡುವ ಹೊತ್ತಿಗೆ ಮನೆ ಬಾಗಿಲಿಗೆ ಬರುತ್ತೇನೆ. ಕಣ್ಣಿಗೆ ಹನಿ ಹಾಕಿ ನೋಡುತ್ತಾರೆ, ವಾಪಸ್ ಬರುವಾಗ ಒಬ್ಬರು ಕೈ ಹಿಡಿಯಬೇಕಾಗುತ್ತದೆ, ಅತ್ತೆಯವರ ಜೊತೆ ಹೋಗಿದ್ದು ನೆನಪಿರಬಹುದು. ನೀನು ಬಾಗಿಲು ತೆಗೆಯದಿದ್ದರೆ ಕೆಳಗಿನ ಬಾಗಿಲು ತಟ್ಟುತ್ತೇನೆ. ಅವಳು ತೆಗೆಸುತ್ತಾಳೆ.

ಇದನ್ನು ನಾನು ವಾಪಸ್ ಬರುತ್ತಿದ್ದೇನೆ ಎಂದು ಓದಿಕೊಳ್ಳಬೇಡ. ಅದರ ಮಾತು ಬೇರೆ, ಅದಕ್ಕೆ ನೀನು ಬಾಯಿ ಬಿಡಬೇಕಾಗುತ್ತದೆ. ಶನಿವಾರದ್ದು ಶನಿವಾರಕ್ಕೆ. ಆಸ್ಪತ್ರೆಗೆ ಇನ್ನೂ ಫೋನ್ ಮಾಡಿಲ್ಲ. ಈ ಕಾಗದವನ್ನು ಅಂಚೆ ಡಬ್ಬಕ್ಕೆ ಹಾಕಿದರೆ ನಿನಗೆ ಸೋಮವಾರ ತಲುಪುತ್ತದೆ, ಆದ್ದರಿಂದ ನಾಳೆ ಸಂಜೆ ನಾನೇ ಬಂದು ಬಾಗಿಲ ಸಂದಿಯಲ್ಲಿ ಹಾಕಿ ಹೋಗುತ್ತೇನೆ.

ಯಂತ್ರ ನಿಂತಿದೆ. ನಿಂತ ಮೇಲೆ ಕಿವಿ ಇನ್ನೂ ಗುಂಯ್ ಎನ್ನುತ್ತಿದೆ.

ಇಂತಿ,
ಸರ್ಕಾರದ ಕಾಗದದ ಪ್ರಕಾರವೂ ಇನ್ನೂ ಹೆಂಡತಿಯೇ ಆಗಿರುವವಳು

ಮತ್ತೆ ಬರೆದದ್ದು: ವಿಂಗಡಣೆ ಎಲ್ಲರದೂ, ಮೇಲಿನವರ ಆದೇಶ ಎಂದು ಮೊದಲ ಹಾಳೆಗಳಲ್ಲಿ ಬರೆದಿದ್ದೇನೆ. ಆ ಹಾಳೆ ಹರಿದು ಮತ್ತೆ ಬರೆಯೋಣವೆಂದರೆ ಮಾರ್ಕರ್ ಒಣಗುತ್ತಾ ಬಂದಿದೆ. ಯಾರ ಆದೇಶವೂ ಇಲ್ಲ. ಎಲ್ಲರ ಪೆಟ್ಟಿಗೆಗಳೂ ಮೊದಲಿಂದ ಬೇರೆಬೇರೆಯೇ ಇವೆ, ಜೊತೆಗಿದ್ದದ್ದು ನಮ್ಮದೊಂದೇ. ಕಳೆದ ವಾರ, ನೀನು ಕುಟುಕುತ್ತಿದ್ದೀಯ ಎಂಬ ಸಿಟ್ಟಿನಲ್ಲಿ, ನಾನೇ ಉಗ್ರಾಣಿಗೆ ಹೇಳಿ ಬೇರೆ ಮಾಡಿಸಲು ಹೊರಟಿದ್ದೆ. ಅವನು "ಸಾರ್‌ನ ಒಂದ್ಮಾತು ಕೇಳ್ಲಾ ಮೇಡಂ?" ಎಂದ, ನಾನು ಬೇಡ ಎಂದೆ. ಮಂಗಳವಾರ ಅವನು ಗುರುತು ಹಾಕಿಕೊಡಿ ಎಂದಾಗಲೂ ನಿಲ್ಲಿಸು ಎನ್ನಲು ನಾಲಿಗೆ ಏಳಲಿಲ್ಲ. ನಾಳೆ ಬೆಳಿಗ್ಗೆ ಹೋದ ಕೂಡಲೇ ಅವನಿಗೆ ಫೋನ್ ಮಾಡಿ ಬೇಡ ಎನ್ನುತ್ತೇನೆ. ಇನ್ನೂ ಹೇಳಿಲ್ಲ.